ಸೋಮಯ್ಯನ ಬೋಳುತಲೆ

ಸೋಮಯ್ಯನ ತಲೆಯಲ್ಲಿ ಕೂದಲಿದ್ದರೆ ಊರು ಕ್ಷೇಮ. ನುಣ್ಣಗೆ ಬೋಳಿಸಿದ ತಲೆ ಹೊತ್ತು, ನಡುಬಿಸಿಲಿನಲ್ಲಿ ಟೋಪಿಯೂ ಇಲ್ಲದೆ, ಬಲಗಾಲನ್ನು ಕೊಂಚ ಎಳೆಯುತ್ತ ಅವನು ಎನ್. ಬೇಗೂರಿನ ಕಡೆಯಿಂದ ಬರುವುದು ಕಂಡರೆ ಸಾಕು, ತಾಯಂದಿರು ಅಂಗಳದಲ್ಲಿ ಆಡುವ ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಾರೆ, ಸೌದೆಗೆ ಹೊರಟವರು ಮಚ್ಚನ್ನು ಮತ್ತೆ ಸೂರಿಗೆ ಸಿಕ್ಕಿಸುತ್ತಾರೆ. ಕಾಡಿನಲ್ಲಿ ಎಲ್ಲೋ ಒಂದು ಮಂಗ ಸತ್ತಿದೆ ಎಂದು ಆ ತಲೆಯೇ ಸಾರುತ್ತದೆ.

ಅವನು ಕಾಡಂಚಿನ ಸರ್ಕಾರಿ ಆಸ್ಪತ್ರೆಯ ಹೆಲ್ತ್ ಇನ್ಸ್‌ಪೆಕ್ಟರ್. ಮಂಗನ ಕಾಯಿಲೆಯನ್ನು ಊರೊಳಗೆ ಬಿಡದಿರುವುದು ಅವನ ಕೆಲಸ. ಸತ್ತ ಮಂಗನ ಮೈಯಿಂದ ಇಳಿಯುವ ಉಣ್ಣೆಹುಳು ಮನುಷ್ಯನನ್ನು ಕಚ್ಚಿದರೆ ಜ್ವರ; ಆ ಜ್ವರ ಕೆಲವರನ್ನು ಬಿಡುವುದಿಲ್ಲ. ಆದ್ದರಿಂದ ಹೆಣವನ್ನು ಯಾರೂ ಮುಟ್ಟದೆ ಬಿದ್ದಲ್ಲೇ ಸುಡಬೇಕು. ಆದರೆ ನಮ್ಮ ಕಡೆ ಮಂಗವೆಂದರೆ ಸಾಕ್ಷಾತ್ ಆಂಜನೇಯ. ಅದು ಸತ್ತರೆ ಸ್ನಾನ, ಅರಿಸಿನ, ಹೂವಿನ ಹಾರ, ತಮಟೆಯ ಮೆರವಣಿಗೆ. ಊರಿಗೆ ಊರೇ ಹೆಗಲು ಕೊಡುತ್ತದೆ.

ಅವನ ಮೊದಲ ಬೇಸಿಗೆಯಲ್ಲಿ ಊರ ಯಜಮಾನ ಕುಳ್ಳಯ್ಯ ಅಡ್ಡ ನಿಂತ. "ದಿಕ್ಕಿಲ್ದೋರ ಎಣ ಸುಟ್ಟಂಗೆ ಸುಟ್ಬುಡ್ತೀರಾ? ದೇವ್ರು ಕಣ್ರೀ ಅದು. ಕರ್ಮ ಮಾಡಾಕೆ ಒಬ್ಬ ಮಗ ಬ್ಯಾಡ್ವಾ?" ರೋಗದ ವಿಚಾರ ಹೇಳಿ ಹೇಳಿ ಗಂಟಲು ಒಣಗಿದ್ದ ಸೋಮಯ್ಯ ತಟ್ಟನೆ, "ನಾನೇ ಮಗ ಅಂದ್ಕಳಿ. ನೀವ್ಯಾರೂ ಅತ್ರ ಬರ್ಬ್ಯಾಡಿ" ಎಂದುಬಿಟ್ಟ. ಕ್ಷೌರದ ನಟರಾಜು ಅವನನ್ನು ಅಲ್ಲೇ ಕೂರಿಸಿ ತಲೆ ಬೋಳಿಸಿದ. ಜನ ದೂರದಲ್ಲಿ ಕೈಮುಗಿದು ನಿಂತರು, ಹೆಣ ಉರಿಯಿತು. ಅಂದಿನಿಂದ ಅದೇ ರೂಢಿಯಾಯಿತು.

ಮಂಗಗಳು ಸಾಯುವ ಕಾಲದ ಕಾಡಿನ ಮೌನವೇ ಬೇರೆ. ಜ್ವರ ಹತ್ತಿದ ಮಂಗ ಓಡುವುದಿಲ್ಲ. ಮಂಡಿಗಳ ಮೇಲೆ ಕೈಯಿಟ್ಟು, ಬಸ್ಸಿಗೆ ಕಾಯುವ ಮುದುಕನಂತೆ ರಸ್ತೆಯಂಚಿನಲ್ಲಿ ಕೂತು ನೋಡುತ್ತದೆ. ಸೋಮಯ್ಯ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತು ಅದರ ಕೊನೆಯುಸಿರಿಗೆ ಕಾಯುತ್ತಾನೆ. "ಅವಕ್ಕೆ ನನ್ನ ಗುರ್ತು ಸಿಕ್ತದೆ ಕಣ್ರೀ" ಎಂದು ನನ್ನೊಡನೆ ಒಮ್ಮೆ ಹೇಳಿದ್ದ. "ಮಗ ಬಂದ ಅಂತ ನೋಡ್ತವೆ." ಹೇಳುವಾಗ ಅವನು ನಗಲಿಲ್ಲ, ನನಗೂ ನಗು ಬರಲಿಲ್ಲ.

ಅವನ ತಾಯಿ ದೊಡ್ಡತಾಯಮ್ಮನಿಗೆ ಆ ತಲೆ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಹೆತ್ತವಳು ಬದುಕಿರುವಾಗಲೇ ಮಗ ಹಾಗೆ ಬಂದು ಹೊಸ್ತಿಲಲ್ಲಿ ನಿಂತರೆ ಯಾರಿಗೆ ತಾನೆ ಹಿಡಿಸೀತು! "ನಾನಿನ್ನೂ ಉಸಿರಾಡ್ತಾ ಇವ್ನಿ ಕಣ್ಲಾ" ಎಂದು ಮುಖ ತಿರುಗಿಸುತ್ತಿದ್ದಳು. ವರ್ಷಗಳು ಕಳೆದಂತೆ ಆ ಬೈಗುಳ ನಿಂತುಹೋಯಿತು. ಏಕೆ ನಿಂತಿತೆಂದು ಅವನು ಕೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವರ ಹಿತ್ತಿಲಿನ ಹಲಸಿನ ಮರದಿಂದಲೇ ಒಂದು ಮಂಗ ಬಿತ್ತು. ಸುದ್ದಿ ತಿಳಿದು, ಉಣ್ಣೆ ಕೊಲ್ಲುವ ಪುಡಿ ಹಿಡಿದು ಸೋಮಯ್ಯ ಆಸ್ಪತ್ರೆಯಿಂದ ಓಡಿ ಬರುವಷ್ಟರಲ್ಲಿ, ದೊಡ್ಡತಾಯಮ್ಮ ಹೆಣವನ್ನು ಬಿಸಿನೀರಿನಲ್ಲಿ ಮೀಯಿಸಿ, ಮಡಿಲಲ್ಲಿ ಮಲಗಿಸಿಕೊಂಡು, ಸೆರಗಿನಿಂದ ಅದರ ತಲೆ ಒರೆಸುತ್ತಿದ್ದಳು.

"ಅವ್ವಾ, ಬುಡು ಅದನ್ನ!"

"ನೀನು ತಲೆ ಬೋಳಿಸ್ಕಂಡ್ ಮ್ಯಾಲೆ ಇವು ನಮ್ಮನೆ ಜೀವ ಅಲ್ವೇನ್ಲಾ? ನಮ್ಮೋರ್ನ ಮೀಯಿಸ್ದೆ ಕಳಿಸ್ತಾರಾ?"

ಊರನ್ನು ದೂರವಿಡಲು ಅವನು ಆಡಿದ್ದ ಮಾತನ್ನು ಅವಳು ನಂಬಿದ್ದಳು. ಅವಳ ಸೀರೆಯನ್ನು ಸುಡಿಸಿ, ಅವಳ ಮೈಯ ಉಣ್ಣೆಗಳನ್ನು ಹುಡುಕಿ ಹುಡುಕಿ ಕಿತ್ತ. ವಾರ ಕಳೆಯುವುದರೊಳಗೆ ಅವಳಿಗೆ ಚಳಿ ಹತ್ತಿತು, ಕಣ್ಣು ಕೆಂಡವಾಯಿತು. ಆಸ್ಪತ್ರೆಯ ಮಂಚದ ಮೇಲೆ ಅವಳು ಮಂಡಿಗಳ ಮೇಲೆ ಕೈಯಿಟ್ಟು ಕೂತು ಮಗನನ್ನೇ ನೋಡತೊಡಗಿದಳು. ಆ ನೋಟ ಅವನಿಗೆ ಹೊಸದಾಗಿರಲಿಲ್ಲ.

ಅವಳು ತೀರಿಕೊಂಡ ದಿನದ ಬೆಳಿಗ್ಗೆಯಷ್ಟೇ ಅವನು ಮತ್ತೊಂದು ಮಂಗನಿಗೆ ಮಗನಾಗಿ ಬಂದಿದ್ದ. ಸಂಜೆ ನಟರಾಜು ಕತ್ತಿ ಹಿಡಿದು ಬಂದವನು ಸುಮ್ಮನೆ ನಿಂತುಬಿಟ್ಟ. ಹೆತ್ತವಳಿಗಾಗಿ ಬೋಳಿಸಲು ಆ ತಲೆಯಲ್ಲಿ ಏನೂ ಉಳಿದಿರಲಿಲ್ಲ. "ಬರೀ ಕತ್ತಿ ಆಡ್ಸ್ಬುಡು" ಎಂದು ಸೋಮಯ್ಯ ತಲೆ ಬಗ್ಗಿಸಿದ. ಬರಿ ಚರ್ಮದ ಮೇಲೆ ಕತ್ತಿ ಸರಿಯುವ ಸದ್ದನ್ನು ಊರೆಲ್ಲ ನಿಂತು ಕೇಳಿತು.

ಆ ಬೇಸಿಗೆಯಲ್ಲಿ ಊರಿನ ಬೇರೆ ಯಾರಿಗೂ ಜ್ವರ ಬರಲಿಲ್ಲ. ರೋಗಕ್ಕೆ ಅಡ್ಡ ನಿಲ್ಲುವವರಲ್ಲಿ ಇಂಥವರದೇ ಒಂದು ಬಗೆಯಿದೆಯೆಂದು ನನಗೆ ತೋರುತ್ತದೆ. ಜನರ ನಂಬಿಕೆಯನ್ನು ಮುರಿಯಲಾರದೆ ಅವರು ಅದರೊಳಗೇ ಹೊಕ್ಕು ಕೆಲಸ ಮಾಡುತ್ತಾರೆ. ಊರು ಉಳಿಯುತ್ತದೆ, ಅವರ ಮನೆ ಮಾತ್ರ ಆ ನಂಬಿಕೆಯ ಒಳಗೇ ಉಳಿದುಹೋಗುತ್ತದೆ.