ನೀಲಿ ನಕ್ಷತ್ರಕ್ಕೆ ಐಸ್

ಕರೆಂಟು ಹೋದಾಗ ಬೂಬ ಮಗನ ಅಕ್ವೇರಿಯಂ ಅಂಗಡಿಯ ಸ್ಟೂಲಿನಲ್ಲಿ ತೂಕಡಿಸುತ್ತಿದ್ದ. ಫ್ಯಾನು ನಿಂತಿತು, ಅದರ ಹಿಂದೆಯೇ ಗಾಜಿನ ಟ್ಯಾಂಕಿನ ಉಪ್ಪುನೀರನ್ನು ತಂಪು ಮಾಡುವ ಯಂತ್ರವೂ ಗುರ್ ಎನ್ನುವುದನ್ನು ಬಿಟ್ಟಿತು. ಬ್ಯಾಟರಿಯ ಸಣ್ಣ ಪಂಪು ಮಾತ್ರ ಗುಳುಗುಳು ಎನ್ನುತ್ತಿತ್ತು. ಜೂನ್ ಬಂದರೂ ಮಳೆಯ ಸುದ್ದಿ ಇಲ್ಲ. ಮಣಿಪಾಲದ ಸೆಕೆ ಅಂದರೆ ಸೆಕೆ.

ಮಗ ಲಕ್ಷಿತ್ ಬಜಗೋಳಿಯಲ್ಲಿ ಯಾರದೋ ಮನೆಗೆ ಟ್ಯಾಂಕ್ ಕೂರಿಸಲು ಹೋಗಿದ್ದ. ಮೀನುಗಾರಿಕೆಗೆ ಮಳೆಗಾಲದ ರಜೆ, ಬೂಬನ ಬೋಟು ದಡದಲ್ಲಿ. ಕಾಪುವಿನ ಮನೆಯಲ್ಲಿ ಸುಮ್ಮನೆ ಕುಳಿತಿದ್ದ ಅಪ್ಪನ ಕೈಗೆ ಅಂಗಡಿಯ ಬೀಗದ ಕೈ ಕೊಟ್ಟು, "ನೀವು ಇದ್ದರೆ ನನಗೊಂದು ಧೈರ್ಯ" ಅಂದಿದ್ದ. ಆ ಒಂದು ಮಾತಿಗೆ ಬೂಬ ದಿನಾ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬರುತ್ತಿದ್ದ, ಸಂಜೆ ಬೀಗದ ಕೈಯನ್ನು ಮನೆಯ ಬಾಗಿಲ ಪಕ್ಕದ ಮೊಳೆಗೆ ಎಲ್ಲರಿಗೂ ಕಾಣುವ ಹಾಗೆ ತೂಗುಹಾಕುತ್ತಿದ್ದ. ಮಗ ಓದಿ ಬೇರೆ ದಾರಿ ಹಿಡಿದ ಮೇಲೆ ಅವನಿಗೆ ತನ್ನಿಂದ ಏನಾದರೂ ಬೇಕಾದದ್ದು ಇದೇ ಮೊದಲು.

ಟ್ಯಾಂಕಿನಲ್ಲಿದ್ದದ್ದು ಒಂದು ನೀಲಿ ನಕ್ಷತ್ರಮೀನು, ಎಲ್ಲಿಯದೋ ಹವಳದ ಬಂಡೆಯದು. ಬೂಬನ ಬಲೆಗೆ ಬೀಳುವ ನಕ್ಷತ್ರಗಳು ಮಣ್ಣಿನ ಬಣ್ಣದವು, ಕಾಲಲ್ಲಿ ದೂಡಿ ನೀರಿಗೆ ಹಾಕುವ ಕಸ. ಇದನ್ನಾದರೆ ಲಕ್ಷಿತ್ ಯಾರು ಕೇಳಿದರೂ ಮಾರುತ್ತಿರಲಿಲ್ಲ. ಗಾಜಿನ ಪೆಟ್ಟಿಗೆಗೆ ಒಗ್ಗುವ ಜೀವ ಅಲ್ಲ ಇದು, ಕಲ್ಲಿನ ಮೇಲೆ ಕಟ್ಟುವ ಲೋಳೆಪದರ ತಿಂದು ಬದುಕುವಂಥದ್ದು, ಹೆಚ್ಚಿನವರ ಮನೆಯಲ್ಲಿ ಹಸಿದೇ ಸಾಯುತ್ತದೆ, ತನ್ನಲ್ಲಿ ಹೇಗೋ ವರ್ಷ ದಾಟಿದೆ ಎಂದು ಹೇಳುವಾಗ ಅವನ ಮುಖ ನೋಡಬೇಕು.

ಗಂಟೆ ಕಳೆದರೂ ಕರೆಂಟು ಬರಲಿಲ್ಲ. ಬೂಬ ಗಾಜು ಮುಟ್ಟಿದ. ಬೆಚ್ಚಗಿತ್ತು. ನಕ್ಷತ್ರದ ಒಂದು ತೋಳು ಕಲ್ಲು ಬಿಟ್ಟು ಜೋತಿತ್ತು. ಫೋನ್ ಮಾಡಿದರೆ ಮಗ ನೆಟ್‌ವರ್ಕ್ ಇಲ್ಲದಲ್ಲಿ. ಬೂಬನಿಗೆ ಹೆದರಿಕೆಯೇ ಆಯಿತು. ಕಡಲಿಗೆ ಹೋಗುವವನಿಗೆ ಸೆಕೆಗೆ ಹಾಳಾಗುವುದನ್ನು ಉಳಿಸಲು ಗೊತ್ತಿರುವ ದಾರಿ ಒಂದೇ. ಎದುರಿನ ಮೀನಿನಂಗಡಿಗೆ ಓಡಿ ಬುಟ್ಟಿ ತುಂಬ ಪುಡಿ ಐಸ್ ತಂದು, ಬಂಗುಡೆಯ ಮೇಲೆ ಸುರಿಯುವ ಹಾಗೆ ಟ್ಯಾಂಕಿಗೆ ಸುರಿದ. ಐಸ್ ತೇಲಿ ಕರಗಿತು, ಗಾಜು ತಣ್ಣಗಾಯಿತು. ಅಬ್ಬ, ಹೋದ ಜೀವ ಬಂದ ಹಾಗಾಯಿತು ಅವನಿಗೆ.

ಸಂಜೆ ಬಂದ ಲಕ್ಷಿತ್ ಬುಟ್ಟಿಯನ್ನು ನೋಡಿದ. ಟ್ಯಾಂಕಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ.

"ಐಸ್ ನೀರಿಗೇ ಹಾಕಿದಿರಾ ಅಪ್ಪ?"

"ಮತ್ತೆ ಎಲ್ಲಿಗೆ ಹಾಕುದು ಮಾರಾಯ? ಬಿಸಿ ಆಗಿತ್ತಲ್ವಾ."

"ಐಸ್ ಸಿಹಿನೀರು. ಉಪ್ಪು ಹಾಗೆ ಒಮ್ಮೆಲೇ ಇಳಿದರೆ ಅದು ತಡಿಯುದಿಲ್ಲ."

ಐಸನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಳಿಬಿಟ್ಟಿದ್ದರೆ ಆಗುತ್ತಿತ್ತು ಎಂಬುದನ್ನು ಅವನು ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ ಹೇಳಿದ.

ಎರಡು ದಿನದಲ್ಲಿ ನಕ್ಷತ್ರದ ಮೈಮೇಲೆ ಬಿಳಿ ಕಲೆ ಎದ್ದಿತು. ತುದಿಗಳು ಕರಗಿದವು, ಒಂದು ತೋಳು ಕಳಚಿ ಬಿತ್ತು. ಮದ್ದು ಇಲ್ಲವಾ ಎಂದು ಬೂಬ ಕೇಳಿದ. ಕಾಪುವಿನ ಕಡಲಿಗಾದರೂ ಬಿಡುವ ಎಂದ.

"ಅದು ನಮ್ಮ ಕಡಲಿನದ್ದಲ್ಲ. ಇನ್ನು ಎಂತ ಮಾಡ್ಲಿಕ್ಕೂ ಇಲ್ಲ."

ಲಕ್ಷಿತ್ ತುಂಡುಗಳನ್ನು ಒಂದೊಂದಾಗಿ ಎತ್ತಿದ. ಬಾಯಿ ತುಂಬ ಬೈದಿದ್ದರೆ ಬೂಬನಿಗೆ ಸಮಾಧಾನವಾಗುತ್ತಿತ್ತು. ಮಗ ಬೈಯಲಿಲ್ಲ. ಕೈ ತೊಳೆದು, ಬೀಗದ ಕೈ ತೆಗೆದುಕೊಂಡು, ನಾಳೆಯಿಂದ ನೀವು ಬರುವುದು ಬೇಡ, ಈ ಸೆಕೆಯಲ್ಲಿ ಸುಮ್ಮನೆ ಕಷ್ಟ ಎಂದ.

ಮುಂದಿನ ವಾರ ಒಂದು ಮಧ್ಯಾಹ್ನ ಕಾಪುವಿನ ಮನೆಯಲ್ಲಿ ಫ್ಯಾನು ನಿಂತಿತು. ಬೂಬ ಚಾಪೆಯಿಂದ ದಡಬಡಿಸಿ ಎದ್ದು ಅಂಗಿ ಎಳೆದುಕೊಂಡು ಬಾಗಿಲ ಪಕ್ಕದ ಮೊಳೆಗೆ ಕೈ ಹಾಕಿದ. ಮೊಳೆ ಬರಿದಾಗಿತ್ತು.

"ಎಲ್ಲಿಗೆ ಹೊರಟದ್ದು?" ಹೆಂಡತಿ ಅಮ್ಮಣ್ಣಿ ಒಳಗಿನಿಂದ ಕೇಳಿದಳು.

"ಎಲ್ಲಿಗೂ ಇಲ್ಲ."

ಅಂಗಿಯನ್ನು ಬಿಚ್ಚಿ ಅದೇ ಮೊಳೆಗೆ ಸಿಕ್ಕಿಸಿದ.