ಸಮಪಾಲಾದ ಗುಲಗಂಜಿ ಹುಳುಗಳು

ಹುಳು ಸಾಕುವ ಪೆಟ್ಟಿಗೆಯ ಮೂಲೆಯಲ್ಲಿ ಇನ್ನೂ ಕುಂಕುಮ, ದಸರಾ ಮುಗಿದು ಮೂರು ವಾರವಾದರೂ ಹಾಗೇ ಇದೆ, ಬಳಿಯುವುದಕ್ಕೆ ಎಲ್ಲರೂ ಬರುತ್ತಾರೆ, ಒರೆಸುವುದಕ್ಕೆ ಯಾರೂ ಇಲ್ಲ — ಚಂದ್ರಮತಿಗೆ ಅದನ್ನು ಕಂಡರೇ ಮೈಯುರಿ, ಕೈಯಲ್ಲಿರುವ ಫೋಟೋ ಕಂಡರೆ ಇನ್ನಷ್ಟು. ಧಾರವಾಡದ ಗುಲಗಂಜಿ ಹುಳು, ಕೋಲಾರದ್ದು, ಕೊಳ್ಳೇಗಾಲದ್ದು, ಒಂದೊಂದು ಊರಿನ ಇಪ್ಪತ್ತಿಪ್ಪತ್ತನ್ನು ಅರೆದು ತೆಗೆದ ಡಿಎನ್‌ಎ, ಮೂರು ಸಾಲಿನಲ್ಲೂ ಗೆರೆಗಳು ಒಂದೇ ಎತ್ತರಕ್ಕೆ ನಿಂತಿವೆ, ಹಬ್ಬಕ್ಕೆ ಮುಂಚೆ ಹೀಗಿರಲಿಲ್ಲ, ಮೂರಕ್ಕೆ ಮೂರೂ ಬೇರೆ, ಕೋಲಾರದ್ದು ಸುಡುಬಿಸಿಲಲ್ಲೂ ಅಲಸಂದೆ ಗಿಡದ ಹೇನು ಮುಕ್ಕುತ್ತಿತ್ತು, ಧಾರವಾಡದ್ದು ಎಲೆಯಡಿ ಅವಿತುಕೊಳ್ಳುತ್ತಿತ್ತು, ಮೇಲೆ ಒಂದೇ ತರದ ಚುಕ್ಕಿ, ಒಳಗೆ ಬೇರೆ ಎಂದು ತೋರಿಸುವುದಕ್ಕೇ ನಾಲ್ಕು ವರ್ಷ ಬಸ್ಸಿನಲ್ಲಿ ಸೊಂಟ ಮುರಿದುಕೊಂಡದ್ದು. ಬೆಳಿಗ್ಗೆ ಮುದ್ದಮ್ಮ, ಪೆಟ್ಟಿಗೆ ತೊಳೆಯುವವಳು, ಎಷ್ಟು ಹೆಮ್ಮೆಯಿಂದ ಹೇಳಿದಳು, ಆಯುಧಪೂಜೆಗೆ ತೊಳೀಬೇಡ್ವಾ ಅಮ್ಮಾವ್ರೇ, ಮೂರು ಪೆಟ್ಗೆ ಹುಳಾನೂ ಒಂದೇ ಬಕೆಟ್ಟಿಗೆ ಬುಟ್ಟು ಬಟ್ಟೆ ಕಟ್ಟಿದ್ದೆ, ಆಮೇಲೆ ಸಮಸಮ ಹಂಚ್ದೆ, ಒಂದೂ ಹೆಚ್ಚುಕಮ್ಮಿ ಇಲ್ಲ ಕಣ್ರವ್ವಾ — ಎನ್ನುತ್ತ ಅಂಗೈ ಚಾಚಿದಳು, ನೀರಲ್ಲಿ ನೆನೆದು ಬಿಳಚಿಕೊಂಡ ಒದ್ದೆ ಅಂಗೈ. ಆ ಕೈಗೆ ಬಾರಿಸಬೇಕು ಅನಿಸಿತು, ಅನಿಸಿದ್ದು ಸುಳ್ಳಲ್ಲ, ಹಬ್ಬದ ದಿನ ಹನ್ನೊಂದಕ್ಕೆ ಬಂದು ಪುರಿ ತಿಂದು ಪೆಟ್ಟಿಗೆ ಫಳಫಳ ಅಂತಿದೆ ಕಣೇ ಎಂದು ಹೊಗಳಿದ ಮಂಗ ತಾನೇ, ಬಾರಿಸಬೇಕಾದ್ದು ತನಗೇ.

ಈಗ ಸಿದ್ದಲಿಂಗಸ್ವಾಮಿಯ ಕೋಣೆ, ಅವಳ ಸಂಶೋಧನೆಯ ಗೈಡು, ತಲೆಯ ಮೇಲೆ ತಿರುಗಿಯೂ ಗಾಳಿ ಕೊಡದ ಫ್ಯಾನು, ಮೇಜಿನ ಮೇಲೆ ವರದಿ, ಎಲ್ಲ ಊರಿನ ಹುಳುವೂ ಒಂದೇ, ಮೈಸೂರಲ್ಲೇ ಸಾಕಿ ಎಲ್ಲ ಜಿಲ್ಲೆಗೂ ಕಳಿಸಬಹುದು, ಕೆಳಗೆ ಅವಳ ಹೆಸರು, ಸಹಿಗೆ ಜಾಗ. ಕೋಲಾರದ ಬಿಸಿಲಿಗೆ ಎಲೆಯಡಿ ಅವಿತುಕೊಳ್ಳುವ ಹುಳು ಕಳಿಸುತ್ತಾನೆ, ಹೇನು ಬೆಳೆ ತಿನ್ನುತ್ತದೆ, ಇವನು ಬಡ್ತಿ ತಿನ್ನುತ್ತಾನೆ. ಸರ್, ಹಬ್ಬದ ದಿನ ಹುಳು ಬೆರೆತುಹೋಗಿವೆ, ಈ ಫಲಿತಾಂಶ ನಿಲ್ಲಲ್ಲ. ಅವನು ತಲೆಯೆತ್ತಲಿಲ್ಲ. ಗೊತ್ತು ಕಣಮ್ಮ, ಬಕೆಟ್ಟಿಗೆ ಸುರಿದು ತೊಳಿ ಅಂತ ಹೇಳಿದ್ದೇ ನಾನು, ಅತಿಥಿಗಳು ಬರೋರಿದ್ರು, ಹುಳ ಹುಳಾನೇ ತಾನೇ? — ನಾಲ್ಕು ವರ್ಷ, ಹುಳ ಹುಳಾನೇ, ಇವನ ಬೋಳುತಲೆಯೂ ಹುಣಸೂರಿನ ಯಾವನೋ ಒಬ್ಬನ ಬೋಳುತಲೆಯೂ ಒಂದೇ, ಇವನ ಸಂಬಳ ಅವನಿಗೆ ಹಂಚಿಬಿಡಲೇ — ಮತ್ತೆ ಹಿಡಿದು ತರ್ತೀನಿ ಸರ್, ಇನ್ನೊಂದು ವರ್ಷ ಕೊಡಿ. ವರ್ಷ ಎಲ್ಲಿಂದ ತರ್ಲಿ, ಸಹಿ ಹಾಕು, ಇಲ್ಲಾಂದ್ರೆ ಬೆರೆಸಿದ್ದು ಮುದ್ದಮ್ಮ ಅಂತ ಬರೀತೀನಿ, ದಿನಗೂಲಿಯೋಳು, ನಾಳೆಯಿಂದ ಬರೋದು ಬೇಡ. ಎಷ್ಟು ಸಲೀಸಾಗಿ ಹೇಳಿದ, ಕಾಫಿಗೆ ಸಕ್ಕರೆ ಬೇಡ ಎಂದ ಹಾಗೆ. ಪೆನ್ನು ಅವಳ ಕಡೆಗೆ ಉರುಳಿತು, ಅವಳು ಅದನ್ನು ಹಿಂದಕ್ಕೆ ತಳ್ಳಿದಳು, ಹಾಕಲ್ಲ ಸರ್, ನೀವು ಹೇಳಿದ್ದು ಅಂತ ನಾನೂ ಬರೀತೀನಿ. ಅವನು ಬೆಲ್ ಒತ್ತಿದ. ಕರೀರಿ ಅವಳನ್ನ.

ಬಾಗಿಲು, ಸಾಬೂನಿನ ವಾಸನೆ, ಏನ್ ಸಾ, ಕರೆದ್ರಾ — ಸಾಹೇಬರೇ ಹೇಳಿದ್ದು ಅನ್ನು ಮುದ್ದಮ್ಮ, ಒಂದು ಮಾತು ಬಾಯಿಬಿಡು, ಚಂದ್ರಮತಿಯ ಮನಸ್ಸು ಕೂಗುತ್ತಿದೆ, ಅವಳು ಓದು ಬಾರದ, ಹೆಬ್ಬೆಟ್ಟು ಒತ್ತುವವಳು, ಅವನಾಗಲೇ, ತಪ್ಪೊಪ್ಪಿಗೆ ಆಮೇಲೆ ಬರೆದುಕೊಳ್ಳುವ ಬಿಳಿ ಹಾಳೆಯ ಪಕ್ಕಕ್ಕೆ ಇಂಕ್ ಪ್ಯಾಡು ಸರಿಸಿದ್ದಾನೆ, ಒತ್ತಬೇಡ, ಒತ್ತಬೇಡ ಕಣೇ, ಮುದ್ದಮ್ಮ ನಗುತ್ತಲೇ ಮುಂದೆ ಬಂದಳು, ಕೇಳಿದ್ದನ್ನು ಕೊಡುವವಳ ಹಾಗೆ ಕೈ ಚಾಚಿದಳು, ಅಂಗೈ, ಒದ್ದೆ ಅಂಗೈ —