ಕಾಳಿನ ಮಡಕೆಯಲ್ಲಿ ಮಚ್ಚಿನ ಮೊನೆ

“ಹಂದೀನೂ ತುಕ್ಕು ತಿನ್ನಲ್ಲ ಕಣಯ್ಯಾ, ನೀವು ತಿಂತೀರಿ! ಎತ್ತಿ ಹಿಡಿಯಮ್ಮಾ, ಎಲ್ರೂ ನೋಡ್ಲಿ.”

ಡಾಕ್ಟರ್ ಲಕಾಯೋ ಗದರಿದ್ದಕ್ಕೆ ಫಿದೆಲಿನಾ ಅವನು ಮನೆಯಿಂದ ತರಿಸಿದ್ದ ಗೇಣುದ್ದದ ಮಚ್ಚಿನ ಮೊನೆಯನ್ನು ಏಪ್ರನ್ನಿನ ಜೇಬಿನಿಂದ ತೆಗೆದು ಎತ್ತಿ ಹಿಡಿದಳು. ಡಯಾಲಿಸಿಸ್ ಕೋಣೆಯ ಕುರ್ಚಿಗಳಲ್ಲಿ ಒರಗಿದ್ದವರೆಲ್ಲ ತಲೆ ತಗ್ಗಿಸಿದರು. ಒಂದು ಕಾಲಕ್ಕೆ ಎಲ್ಲರೂ ಇದೇ ಊರಿನ ಸಕ್ಕರೆ ಗಿರಣಿಗೆ ಕಬ್ಬು ಕಡಿದವರೇ. ಗಂಡನಿಗೆ ರಕ್ತ ಕಡಿಮೆ ಎಂದರೆ ಸಾಕು, ಅವನ ಮಚ್ಚಿನ ಮೊನೆ ಮುರಿದು ಕಾಳಿನ ಮಡಕೆಗೆ ಹಾಕಿ ಬೇಯಿಸುವುದು ಅವರ ಕೇರಿಯ ಹೆಂಗಸರ ರೂಢಿ. ಕಬ್ಬಿಗೆ ಹೋದ ಶಕ್ತಿ ಹಾಗಾದರೂ ವಾಪಸು ಬರಲಿ ಎಂಬ ಆಸೆ.

“ಇವನ ಲಿವರ್ ತುಂಬಾ ಕಬ್ಬಿಣ ಅಂತೆ. ತುಂಬಿಸ್ದೋಳು ಯಾರು? ಮನೇಲಿರೋ ಈ ಮಾರಿ!” ಡಾಕ್ಟರ್ ಅವಳ ಗಂಡ ಎಲಿಯೋದೋರೊನತ್ತ ಬೆರಳು ಮಾಡಿದ.

ಫಿದೆಲಿನಾ ಗಂಡನ ಕಾಲ ಬಳಿ ಕುಸಿದಳು. “ನಾನೇ ಕೊಂದ್ಬುಟ್ನೇನಯ್ಯಾ ನಿನ್ನ?”

ಎಲಿಯೋದೋರೊನ ತೋಳಿಗೆ ನಳಿಕೆಗಳಿದ್ದವು. ಏಳುವ ಹಾಗಿರಲಿಲ್ಲ. ಚಿನಾಂದೆಗಾ ಸೀಮೆಯ ಕಬ್ಬಿನ ಗದ್ದೆಯ ಬಿಸಿಲಲ್ಲಿ ಕುಡಿಯಲು ನೀರೂ ಬಿಡದೆ ದುಡಿಸಿಕೊಂಡು ಗಿರಣಿಯವರು ಅವನ ಮೂತ್ರಪಿಂಡ ತಿಂದಿದ್ದರು. ಈ ದವಾಖಾನೆಯೂ ಅವರದ್ದೇ. ಯಂತ್ರಕ್ಕೆ ಕೂತಾಗಲೆಲ್ಲ ಎಲ್ಲರ ರಕ್ತಕ್ಕೂ ಒಂದೊಂದು ಕಂದು ಬಾಟ್ಲಿ ಕಬ್ಬಿಣದ ಔಷಧಿ ಸುರಿಯುತ್ತಿದ್ದರು. ಯಾರಿಗೆ ಬೇಕು, ಯಾರಿಗೆ ಸಾಕು ಎಂದು ಪರೀಕ್ಷೆ ಮಾಡಿದವರಿಲ್ಲ. ಅವನ ಮೈ ಬೂದಿ ಬಣ್ಣಕ್ಕೆ ತಿರುಗಿತ್ತು, ಬೆರಳಿನ ಗೆಣ್ಣುಗಳು ಮಡಚುತ್ತಿರಲಿಲ್ಲ. ಕೊನೆಗೆ ಪಟ್ಟಣದ ಆಸ್ಪತ್ರೆಯಲ್ಲಿ ಹೊಟ್ಟೆಯ ಫೋಟೊ ತೆಗೆಸಿಕೊಂಡು ಬಂದಿದ್ದ.

“ಅವಳನ್ಯಾಕೆ ಬೈತೀರಿ ಡಾಕ್ಟ್ರೇ? ಪಟ್ಟಣದ ಡಾಕ್ಟ್ರಮ್ಮ ಬ್ಯಾರೆ ಮಾತು ಹೇಳವ್ರೆ. ಮಡಕೆ ಕಬ್ಬಿಣ ಬಹುಪಾಲು ಹೊಟ್ಟೇಲೇ ಹಾದು ಆಚ್ಗೆ ಹೋಯ್ತದಂತೆ. ನೀವು ನೇರ ರಕುತಕ್ಕೆ ಸುರೀತೀರಲ್ಲ, ಅದುಕ್ಕೆ ಆಚೆ ದಾರಿನೇ ಇಲ್ವಂತೆ. ಲಿವರ್ರು, ಗುಂಡಿಗೆ, ಗೆಣ್ಣು, ಸಿಕ್ಕಿದ ಕಡೆ ಕುಂತ್ಕತದಂತೆ. ಇವತ್ತಿಂದ್ಲೇ ನಿಲ್ಲಿಸ್ಬೇಕು ಅಂದ್ರು.”

“ಓಹೋ, ನನಗೇ ಪಾಠನಾ? ರಕ್ತ ಇಲ್ಲ ಅಂತ ಅಳೋರೂ ನೀವೇ, ರಕ್ತಕ್ಕೆ ಔಷಧಿ ಹಾಕಿದ್ರೆ ಬೊಗಳೋರೂ ನೀವೇ.”

ಪಕ್ಕದ ಕುರ್ಚಿಯ ಮುದುಕ ಚೆಂಚೋ ತಡೆಯಲಾರದೆ ಬಾಯಿ ಹಾಕಿದ. “ರಕುತ ಹುಟ್ಟಿಸೋ ಸೂಜಿ ಆ ಫ್ರಿಜ್ಜಲ್ಲೈತಲ್ಲ ಸ್ವಾಮಿ. ಅದು ಗಾಜಿನ ಕ್ವಾಣೇಲಿ ಕುಂತ್ಕಳೋ ಗಿರಣಿ ಮೇಸ್ತ್ರಿಗಳಿಗೆ ಮಾತ್ರ ಯಾಕೆ? ನಮ್ಮ ಮೈಗೆ ಹತ್ತಲ್ವಾ? ನಮಗೆ ಅಗ್ಗದ ತುಕ್ಕುನೀರು, ಆ ಬೋಳಿಮಕ್ಳಿಗೆ ಸೂಜಿ!”

ಯಾರೋ ಕಿಸಕ್ಕೆಂದರು. ಡಾಕ್ಟರನ ಮುಖ ಕೆಂಪಾಯಿತು.

“ನರ್ಸ್, ಬಾಟ್ಲಿ ಹಾಕು. ಬೇಡ ಅನ್ನೋನು ಕುರ್ಚಿ ಬಿಟ್ಟು ಎದ್ದೋಗ್ಲಿ. ಹೊರಗೆ ಜಗಲಿ ತುಂಬಾ ಕಾಯ್ತಾ ಕೂತಿದ್ದಾರೆ, ಸಾಯೋರು.”

ಕುರ್ಚಿ ಕಳೆದುಕೊಂಡವರು ಮೈ ಊದಿ, ಉಸಿರು ಸಿಗದೆ ಒದ್ದಾಡಿ ಸಾಯುವುದನ್ನು ಅಲ್ಲಿದ್ದವರೆಲ್ಲ ಕಣ್ಣಾರೆ ಕಂಡಿದ್ದರು. ಚೆಂಚೋನ ತಮ್ಮ ಹೋದದ್ದೂ ಹಾಗೆಯೇ.

“ಹಾಕುಸ್ಕೊ ನನ್ನಪ್ಪಾ,” ಫಿದೆಲಿನಾ ಗಂಡನ ಮೊಣಕಾಲು ಹಿಡಿದಳು. “ಕುರ್ಚಿ ಹೋದ್ರೆ ನೀನು ಉಳಿಯಾಕಿಲ್ಲ.”

“ಹಾಕುಸ್ಕಂಡ್ರೂ ಉಳಿಯಾಕಿಲ್ಲ ಕಣೇ. ಇಷ್ಟು ದಿನ ಅವ್ರೇ ಕೊಂದ್ರು. ಈಗ ತಪ್ಪು ನಿನ್ನ ತಲೆಗೆ ಕಟ್ಟಿ ಕೊಲ್ತಾವ್ರೆ. ಅದೊಂದು ಆಗಾಕಿಲ್ಲ.”

ನರ್ಸು ಕಂದು ಔಷಧಿ ತುಂಬಿದ ಸಿರಿಂಜು ಹಿಡಿದು ಬಂದಳು. ನಳಿಕೆಯಲ್ಲಿ ಔಷಧಿ ಬಿಡುವ ರಬ್ಬರಿನ ಬಾಯಿಯೊಂದಿತ್ತು. ಎಲಿಯೋದೋರೊ ಅದನ್ನು ಮುಷ್ಟಿಯೊಳಗೆ ಹಿಡಿದ. ಮಡಚದ ಗೆಣ್ಣುಗಳನ್ನು ಮಡಚುವಾಗ ಜೀವ ಬಾಯಿಗೆ ಬಂತು. ಹಲ್ಲು ಕಚ್ಚಿ ಹಿಡಿದೇ ಇದ್ದ. ಅವನನ್ನು ನೋಡಿ ಚೆಂಚೋ ತನ್ನದನ್ನು ಮುಚ್ಚಿಕೊಂಡ. ಆಮೇಲೆ ಅವನಾಚೆಯವನು. ಮೂಲೆಯ ಕುರ್ಚಿಯವನೊಬ್ಬ ಮಾತ್ರ ಕಣ್ಣು ಮುಚ್ಚಿ ಕೈಯನ್ನು ನರ್ಸಿನತ್ತ ಚಾಚಿದ. ಅವನನ್ನು ಯಾರೂ ಬೈಯಲಿಲ್ಲ.

“ಇವನ ಮಿಷನ್ ಆಫ್ ಮಾಡು!”

ನರ್ಸು ನೆಲ ನೋಡುತ್ತ ನಿಂತಳು. ಡಾಕ್ಟರ್ ಲಕಾಯೋ ತಾನೇ ಸ್ವಿಚ್ಚಿನತ್ತ ದಾಪುಗಾಲು ಹಾಕಿದ.

ಅವನಿಗಿಂತ ಮೊದಲು ಫಿದೆಲಿನಾ ಅಲ್ಲಿದ್ದಳು. ಕಣ್ಣೀರು ಇನ್ನೂ ಕೆನ್ನೆಯ ಮೇಲಿತ್ತು. ಅವನೇ ತರಿಸಿದ ಮಚ್ಚಿನ ಮೊನೆ ಅವನ ಹೊಟ್ಟೆಗೆ ನೇರವಾಗಿತ್ತು.

“ಸ್ವಿಚ್ಚಿನ ಮ್ಯಾಲೆ ಕೈ ಮಡುಗು, ನೋಡ್ತೀನಿ. ತುಕ್ಕು ತಿಂತೀರಿ ಅಂದ್ಯಲ್ಲ? ನೀನೂ ಒಂದ್ಸಲ ತಿನ್ನು.”

ಡಾಕ್ಟರನ ಕೈ ಅರ್ಧದಲ್ಲೇ ನಿಂತಿತು. ಯಂತ್ರ ತಿರುಗುತ್ತಲೇ ಇತ್ತು, ಎಲಿಯೋದೋರೊನ ರಕ್ತ ನಳಿಕೆಯಲ್ಲಿ ಸುತ್ತುತ್ತಿತ್ತು. ಹಿಡಿಯಿಲ್ಲದ ಮೊನೆ ಫಿದೆಲಿನಾಳ ಅಂಗೈಯನ್ನೇ ಕೊಯ್ದು, ಮೊಣಕೈವರೆಗೂ ರಕ್ತ ಇಳಿಯುತ್ತಿತ್ತು. ಅವಳು ಬಿಡಲಿಲ್ಲ.